ಮನೆಯಲ್ಲಿ ಇನ್ನೊಂದು ಹೆಣ್ಣಿದೆ

ಹೆಗ್ಗಡದೇವನಕೋಟೆಯ ನೋಂದಣಿ ಕಚೇರಿಗೆ ನಾನು ಕೆಲಸಕ್ಕೆ ಸೇರಿದ ದಿನ ಅಲ್ಲಿನ ಹಿರಿಯ ಹೆಂಗಸೊಬ್ಬರ ಎಡಗಡೆಯ ಕುರ್ಚಿಯಲ್ಲಿ ಕೂತು ಏನೋ ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ತಲೆಯನ್ನೂ ಎತ್ತಲಿಲ್ಲ. ಜಂಬದ ಹೆಂಗಸು ಎಂದುಕೊಂಡು ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ತಿರುಗಿ, “ಏನಾದ್ರೂ ಕೇಳಿದ್ಯಾ? ಆ ಕಡೆ ಕೂತ್ಕಂಡು ಕೇಳಿದ್ರೆ ನಂಗೆ ಗೊತ್ತಾಗಲ್ಲ ಕಣಮ್ಮ. ಈ ಕಡೆ ಬಾ,” ಎಂದು ಎದ್ದು ನನ್ನ ಕುರ್ಚಿಯನ್ನು ತಮ್ಮ ಬಲಗಡೆಗೆ ಎಳೆದು ಹಾಕಿದರು. ಅವರು ನಿವೃತ್ತರಾಗುವವರೆಗೂ ನಾನು ಆ ಕಡೆಯೇ ಕೂತೆ.

ಕಚೇರಿಯಲ್ಲಿ ಎಲ್ಲರಿಗೂ ಅವರು ಅಕ್ಕ. ಎತ್ತರದ, ಒಣಕಲು ಮೈ. ಗಂಜಿ ಹಾಕಿದ ಹತ್ತಿ ಸೀರೆ. ಬೆಳಿಗ್ಗೆಯೆಲ್ಲ ನಮ್ಮಲ್ಲಿ ಜಮೀನಿನ ಕ್ರಯ, ವಿಭಾಗ, ದಾನಪತ್ರಗಳ ಗಲಾಟೆ. ಮದುವೆ ನೋಂದಾಯಿಸಲು ಬಂದವರು ಊಟದ ಹೊತ್ತು ಕಳೆಯುವವರೆಗೆ ಹೊರಗೆ ಹೊಂಗೆ ಮರದ ಕೆಳಗೆ ಕಾಯಬೇಕು. ಆ ಮೇಜು ಅಕ್ಕನದು. ದೇವಸ್ಥಾನದಿಂದ ಹಾರದ ಸಮೇತ ಓಡಿ ಬಂದ ಹುಡುಗ ಹುಡುಗಿಯರು, ಪಾಸ್‌ಪೋರ್ಟಿಗೆ ಬೇಕೆಂದು ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದು ಮದುವೆ ಬರೆಸುವ ಅಜ್ಜ ಅಜ್ಜಿಯರು ಎಲ್ಲ ಅವರ ಮುಂದೆ ನಿಂತು ಸಹಿ ಹಾಕುತ್ತಿದ್ದರು. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯವರೂ ಹೆಚ್ಚಾದರು. ಕೋರ್ಟಿಗೆ ಹಾಕಲು ಮದುವೆಯ ಪ್ರಮಾಣಪತ್ರದ ನಕಲು ಬೇಕೆಂದು ಒಬ್ಬೊಬ್ಬರೇ ಬರುವವರು. ಅವರಿಗೆ ಅಕ್ಕ ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದರೂ ಮುಂದೆ ಕರೆದು ಕೊಟ್ಟು ಕಳಿಸಿಬಿಡುತ್ತಿದ್ದರು.

ಪ್ರಶ್ನೆ ಕೇಳುತ್ತಿದ್ದುದು ಮದುವೆಯಾಗಲು ಬಂದ ಹುಡುಗಿಯರಿಗೆ. ಸಹಿಗೆ ಮುಂಚೆ ಹುಡುಗಿಯನ್ನು ನೀರು ಕುಡಿಯಲು ಎಂದು ಒಳಗೆ ಕರೆದುಕೊಂಡು ಹೋಗಿ, ಲೋಟ ಕೈಗೆ ಕೊಟ್ಟು, ಬಲಗಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು, “ನಿಂಗೆ ಇಷ್ಟಾನಾ?” ಎನ್ನುತ್ತಿದ್ದರು. ಹೆಚ್ಚಿನವರು ನಾಚಿಕೊಂಡು ನಗುತ್ತಿದ್ದರು. ಒಮ್ಮೆ ಹುಣಸೂರು ಕಡೆಯ ಹುಡುಗಿಯೊಬ್ಬಳು ಲೋಟ ಹಿಡಿದುಕೊಂಡು ಅಳಲು ಶುರು ಮಾಡಿದಳು. ಗಂಡು ಅವಳ ಸೋದರಮಾವ. ಅಕ್ಕ ಹೊರಗೆ ಬಂದು ಅವಳ ಅಪ್ಪನಿಗೆ, “ಸಾಕ್ಷಿಯವರ ಆಧಾರ್ ಪ್ರತಿ ಸರಿಯಾಗಿ ಕಾಣ್ತಿಲ್ಲ. ಸೋಮವಾರ ಬನ್ನಿ,” ಎಂದರು. ಅವರು ಕೂಗಾಡಿದರು. ಅಕ್ಕ ಅವರ ಕಡೆಗೆ ಎಡಗಿವಿ ಕೊಟ್ಟು ಬೇರೆ ಕೆಲಸ ನೋಡಿಕೊಂಡರು. ಸೋಮವಾರ ಯಾರೂ ಬರಲಿಲ್ಲ. ನಾನು ಖುಷಿಪಟ್ಟೆ. ಮುಂದೆ ಆ ಊರಿನವರೊಬ್ಬರು ಕ್ರಯಪತ್ರಕ್ಕೆಂದು ಬಂದಾಗ ಅಕ್ಕ ವಿಚಾರಿಸಿದರು. ಅದೇ ವಾರ ಊರಿನಲ್ಲೇ ಚಪ್ಪರ ಹಾಕಿ ಮದುವೆ ಮುಗಿಸಿದ್ದರಂತೆ.

“ನಾನು ತಡೆದಿದ್ದು ಕಾಗದಾನ. ಮದುವೇನ ಅಲ್ಲ,” ಎಂದರು ಅಕ್ಕ. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಕಚೇರಿಯ ಮುಂದೆ ಪತ್ರ ಬರೆಯುವವರೊಬ್ಬರಿದ್ದರು. ಅಕ್ಕನ ವಯಸ್ಸಿನವರು, ಮಾತುಗಾರರು. ಒಂದು ದಿನ ಟೀ ಅಂಗಡಿಯಲ್ಲಿ, “ಈಗಿನ ಹೆಣ್ಮಕ್ಳಿಗೆ ತಾಳ್ಮೆ ಇಲ್ಲ ಕಣಕ್ಕ. ನಮ್ ಕಾಲದಲ್ಲಿ ಡೈವೋರ್ಸು ಅನ್ನೋ ಮಾತ್ನೇ ನಾವು ಕೇಳಿರ್ಲಿಲ್ಲ,” ಎಂದರು.

“ಮಾತು ಕೇಳಿರ್ಲಿಲ್ಲ. ನಿಮ್ಮೂರಲ್ಲಿ ಬಾವಿ ಇತ್ತಾ?” ಎಂದು ಕೇಳಿದರು ಅಕ್ಕ.

“ಇತ್ತು. ಯಾಕೆ?”

“ಯಾರೂ ಬಿದ್ದಿರ್ಲಿಲ್ವಾ? ತವರು ಮನೆ ಹಿತ್ಲಲ್ಲಿ ಪಾತ್ರೆ ತಿಕ್ಕಂಡು ಇದ್ದೋಳು ಯಾರೂ ಇರ್ಲಿಲ್ವಾ?”

ಅವರು ಟೀ ಲೋಟ ಕೆಳಗಿಟ್ಟರು. “ನಮ್ ಚಿಕ್ಕವ್ವ ಇದ್ಲು, ಅಂಗೆ,” ಎಂದು ಮೆಲ್ಲಗೆ ಹೇಳಿ ಎದ್ದು ಹೋದರು.

ಅಕ್ಕ ಮತ್ತು ನಾನು ಒಂದೇ ವಠಾರದಲ್ಲಿ ಬಾಡಿಗೆಗೆ ಇದ್ದೆವು. ಅವರ ಕೊರಳಲ್ಲಿ ತಾಳಿ ಇತ್ತು. ಗಂಡ ಎಂಬುವರನ್ನು ಮಾತ್ರ ಯಾರೂ ನೋಡಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಜಗಲಿಯ ಮೇಲೆ ಕೂತು ಕಾಯಿ ಬಿಡಿಸುತ್ತಿರುವಾಗ ಕೇಳಿಯೇ ಬಿಟ್ಟೆ. ಅವರು ಬಿಡಿಸುತ್ತಲೇ ಹೇಳಿದರು.

ತವರು ಮಿರ್ಲೆಯ ಹತ್ತಿರ, ನಾಲೆ ನೀರಿನ ಊರು. ಪಿಯುಸಿ ಮುಗಿಯುತ್ತಿದ್ದ ಹಾಗೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟರು. ಸೊಪ್ಪು ಬೇಯಿಸುವ ಕಾಲದಲ್ಲಿ ಅದನ್ನು ನೇತುಹಾಕಿದ ಬ್ಯಾರನ್ ಎಂಬ ಮನೆಯ ಒಲೆಗೆ ಹಗಲೂ ರಾತ್ರಿ ಸೌದೆ ಹಾಕುತ್ತಿರಬೇಕು, ಕಾವು ಹೆಚ್ಚಲೂ ಬಾರದು, ಇಳಿಯಲೂ ಬಾರದು. ಆ ಕೆಲಸ ಸೊಸೆಯ ಪಾಲಿನದು. ಒಂದು ಸಲ ಒಲೆಯ ಮುಂದೆಯೇ ನಿದ್ದೆ ಹೋದರು. ಒಳಗಿದ್ದ ಸೊಪ್ಪೆಲ್ಲ ಕಪ್ಪಾಯಿತು. ಗಂಡ ಬಂದು ಎಬ್ಬಿಸಿ ಹೊಡೆದ. ಹಿಂದೆಯೂ ಹೊಡೆಯುತ್ತಿದ್ದವನೇ, ಆದರೆ ಆ ಏಟು ಕಿವಿಯ ಮೇಲೆ ಬಿತ್ತು.

“ಹುಣಸೂರಲ್ಲಿ ಡಾಕ್ಟ್ರು ಕಿವಿ ತಮಟೆ ಹರಿದೋಗದೆ ಅಂದ್ರು. ವಾಪಸ್ ಹೋಗಾಕೆ ಅಂತ ಬಸ್‌ಸ್ಟ್ಯಾಂಡಿಗೆ ಬಂದೆ. ಪಿರಿಯಾಪಟ್ಟಣದ ಬಸ್ಸೂ ನಿಂತಿತ್ತು, ಕೆ.ಆರ್. ನಗರದ ಬಸ್ಸೂ ನಿಂತಿತ್ತು. ನಮ್ಮೂರ ಕಡೇದು ಹತ್ತಿಬುಟ್ಟೆ. ಅಷ್ಟೇ ಕಣಮ್ಮ ನಾನು ಮಾಡಿದ್ದು.”

ಅವರ ಅಪ್ಪ ಕೆಟ್ಟವರಲ್ಲ. ಮಗಳನ್ನು ಮತ್ತೆ ಕಳಿಸಲಿಲ್ಲ. ಟೈಪಿಂಗ್ ಕಲಿಯಲು ಕೆ.ಆರ್. ನಗರಕ್ಕೆ ಕಳಿಸಿದರು, ಸರ್ಕಾರಿ ಕೆಲಸ ಸಿಕ್ಕಾಗ ಊರಿಗೆಲ್ಲ ಸಿಹಿ ಹಂಚಿದರು. ಆದರೆ ಮಗಳು ವಕೀಲರನ್ನು ನೋಡುತ್ತೇನೆ ಎಂದ ದಿನ ಹೆಗಲ ಮೇಲಿನ ಟವಲ್ಲು ತೆಗೆದು ಅವಳ ಕಾಲ ಹತ್ತಿರ ಇಟ್ಟರು.

“‘ನೀನು ಇಲ್ಲೇ ಇರು, ಉಣ್ಣು, ಕೆಲ್ಸಕ್ಕೋಗು. ಕೋರ್ಟು ಮಾತ್ರ ಬ್ಯಾಡ ಕಣವ್ವ. ನಿನ್ ಹಿಂದ್ಗಡೆ ಇನ್ನೂ ಮೂರು ಹೆಣ್ಣವೆ’ ಅಂದ್ರು. ಅಪ್ಪ ಅಂಗೆ ಟವಲ್ ಇಟ್ರೆ ನೀನಾದ್ರೆ ಏನ್ ಮಾಡ್ತಿದ್ದೆ?”

ಮೊದಲ ತಂಗಿಯ ಮದುವೆಯಾಯಿತು, ಎರಡನೆಯವಳದ್ದಾಯಿತು. ಮೂರನೆಯವಳಿಗೆ ಕಾಲು ಸ್ವಲ್ಪ ಎಳೆಯುತ್ತಿದ್ದುದರಿಂದ ತಡವಾಯಿತು. ಅದೂ ಮುಗಿಯಿತು ಎನ್ನುವಾಗ ತಮ್ಮನ ಸರದಿ. ಕೋರ್ಟು ಹತ್ತಿದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ ಎಂದರು ಅಪ್ಪ. ಅವರು ತೀರಿಕೊಂಡ ಮೇಲೆ ಅದೇ ಮಾತನ್ನು ತಂಗಿಯರು ತಮ್ಮ ಹೆಣ್ಣುಮಕ್ಕಳಿಗಾಗಿ ಹೇಳಿದರು. ಕೊನೆಗೆ ತಮ್ಮನಿಗೆ ಹುಟ್ಟಿದ ಒಬ್ಬಳೇ ಮಗಳು ಉಳಿದಳು. ಅವಳದೊಂದು ಆಗಿಬಿಡಲಿ ಅಕ್ಕ ಎಂದ ತಮ್ಮ. ಅಕ್ಕ ಯಾವಾಗ ಹೊರಟರೂ ಮನೆಯಲ್ಲಿ ಇನ್ನೊಂದು ಹೆಣ್ಣಿತ್ತು.

ಅತ್ತ ಆ ಗಂಡನಿಗೆ ವಿಚ್ಛೇದನದ ಅಗತ್ಯವೇ ಬೀಳಲಿಲ್ಲ. ಇನ್ನೊಬ್ಬಳನ್ನು ಮನೆಗೆ ತಂದುಕೊಂಡ, ಗಂಡುಮಕ್ಕಳಾದರು. ಹೊಲ ಮನೆ ನೋಡಿಕೊಂಡು ಊರಿನಲ್ಲಿ ಯಜಮಾನನಾಗಿ ಬಾಳಿದ.

“ಮತ್ತೆ ಇದ್ಯಾಕಕ್ಕ ಕೊರಳಲ್ಲಿ?” ಎಂದೆ.

“ಬಸ್ಸಲ್ಲಿ ಓಡಾಡಾಕೆ ಅನುಕೂಲ ಕಣೆ. ಮನೆ ಬಾಡಿಗೆಗೆ ಕೊಡ್ತಾರೆ. ಯಾರೂ ಏನೂ ಕೇಳಲ್ಲ.” ಅವರೆಕಾಯಿ ಸಿಪ್ಪೆಯನ್ನು ಮೊರಕ್ಕೆ ಗುಡಿಸಿಕೊಂಡು ಒಳಗೆ ಹೋದರು.

ನನ್ನ ಮದುವೆ ಮುರಿದಾಗ ನಾನು ಮೊದಲು ಹೇಳಿದ್ದು ಅವರಿಗೆ. ನನ್ನ ಗಂಡ ಹೊಡೆಯುವವನಲ್ಲ. ತಿಂಗಳುಗಟ್ಟಲೆ ಮಾತಾಡದೆ ಇರುವವನು. ಅಡುಗೆಮನೆಗೆ ಹೋಗುವಾಗ ನಾನು ಎದುರು ಬಂದರೆ ಗೋಡೆಗೆ ಸರಿದು ನಿಲ್ಲುವವನು. ಇದನ್ನು ಯಾರಿಗಾದರೂ ಹೇಳಿದರೆ ಇಷ್ಟೇನಾ ಎನ್ನುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ಅಕ್ಕ ಹಾಗೆನ್ನಲಿಲ್ಲ. “ನಿಂಗೆ ತಂಗಿ ಇದ್ದಾಳಾ?” ಎಂದು ಕೇಳಿದರು. ಇಲ್ಲ, ಒಬ್ಬ ತಮ್ಮ ಎಂದೆ. “ಅಂಗಾರೆ ಇವತ್ತೇ ಅಪ್ಪಂಗೆ ಫೋನ್ ಮಾಡು. ನಿಮ್ಮಪ್ಪನ ಕೈಲಿ ಆಯ್ತದೆ.”

ಅವರು ಹೇಳಿದ ಹಾಗೇ ಆಯಿತು. ಅಪ್ಪ ಬೈದರು, ಅಮ್ಮ ಅತ್ತರು, ಆದರೆ ಒಂದೇ ವಾರದಲ್ಲಿ ಅಪ್ಪನೇ ಹುಣಸೂರಿನಿಂದ ಹೊರಟು ನನ್ನ ಜೊತೆ ವಕೀಲರ ಮನೆಗೆ ಬಂದರು. ಹೆಣ್ಣುಮಕ್ಕಳು ಓದಿದರು, ಸಂಬಳ ತಂದರು, ಅದಕ್ಕೇ ಸಂಸಾರಗಳು ಒಡೆಯುತ್ತಿವೆ ಎಂದು ಜನ ಹೇಳುವುದನ್ನು ಕೇಳುತ್ತೇನೆ. ಇರಬಹುದು. ಆದರೆ ಅಕ್ಕನೂ ಓದಿದ್ದರು, ಅಕ್ಕನಿಗೂ ಸಂಬಳವಿತ್ತು. ಅವರಿಗೆ ಇಲ್ಲದೆ ನನಗೆ ಇದ್ದದ್ದು ಒಂದೇ. ನನ್ನ ಹಿಂದೆ ಮದುವೆಗೆ ನಿಂತ ತಂಗಿಯರಿರಲಿಲ್ಲ.

ಒಪ್ಪಿಗೆಯ ಮೇಲೆ ಆದ ವಿಚ್ಛೇದನ. ಆದೇಶದ ಪ್ರತಿ ಕೈಗೆ ಬಂದಾಗ ಅಕ್ಕನಿಗೆ ತೋರಿಸಿದೆ. ಸೀರೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಕಾಗದ ಪತ್ರಗಳಲ್ಲೇ ಆಯುಷ್ಯ ಕಳೆದ ಹೆಂಗಸು. ಅದನ್ನು ಮಾತ್ರ ಹೊಸದಾಗಿ ಓದು ಕಲಿತವರ ಹಾಗೆ ಒಂದೊಂದೇ ಅಕ್ಷರ ಓದಿದರು. “ಇಷ್ಟೇನಾ?” ಎಂದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇಷ್ಟೇನಾ ಇದು?”

ತಮ್ಮನ ಮಗಳ ಮದುವೆ ಅಕ್ಕನ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗ ಆಯಿತು. ಕೆ.ಆರ್. ನಗರದ ಛತ್ರ, ಎರಡು ಹೊತ್ತು ಊಟ, ಡ್ರೋನ್ ಕ್ಯಾಮೆರಾ. ಅಕ್ಕ ಕೆಂಪು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಎಲ್ಲರಿಗೂ ಪನ್ನೀರು ಚಿಮುಕಿಸಿದರು. ಇನ್ನು ಯಾರೂ ಬಾಕಿಯಿಲ್ಲ ಎನ್ನುವ ಸಂತೋಷ ಅದು ಎಂದು ನನಗೊಬ್ಬಳಿಗೆ ಗೊತ್ತಿತ್ತು.

ವರ್ಷ ತುಂಬುತ್ತಿದ್ದ ಹಾಗೆಯೇ ಆ ಹುಡುಗಿ ಸೂಟ್‌ಕೇಸ್ ಹಿಡಿದು ಅಪ್ಪನ ಮನೆಗೆ ಬಂದಳು. ಗಂಡನಿಗೆ ಮೊದಲೇ ಬೇರೊಬ್ಬಳ ಜೊತೆ ಸಂಬಂಧವಿತ್ತು, ಈ ಹುಡುಗಿಯ ಮೊಬೈಲಿಗೇ ಫೋಟೋಗಳು ಬಂದಿದ್ದವು. ಸುದ್ದಿ ತಿಳಿದು ಅಕ್ಕ ಊರಿಗೆ ಹೊರಟರು, ಬರುವೆಯಾ ಎಂದರು, ನಾನೂ ಹೋದೆ. ತಮ್ಮ ಜಗಲಿಯಲ್ಲಿ ಕೂತು ವಕೀಲರ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. ಮುಗಿಸಿ, ಅಕ್ಕನ ಕಡೆ ತಿರುಗಿ ಧೈರ್ಯವಾಗಿ ಹೇಳಿದರು. “ನಾಳೆನೇ ಕೇಸ್ ಹಾಕಿಸ್ತೀನಿ ಕಣಕ್ಕ. ಇರೋಳು ಒಬ್ಳು ಮಗಳು, ಅವಳನ್ನ ಆ ನರಕಕ್ಕೆ ಕಳಿಸ್ತೀನಾ? ಊರೋರು ಏನಾದ್ರೂ ಅಂದ್ಕಳ್ಳಿ ಬುಡು. ಈಗ ಕಾಲ ಬದಲಾಗದೆ.”

ಅಕ್ಕ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ತಮ್ಮನನ್ನೇ ನೋಡುತ್ತ ನಿಂತರು.

“ಯಾವಾಗ ಬದಲಾಯ್ತು?” ಎಂದರು.

“ಏನಕ್ಕ?”

“ಕಾಲ. ಅದು ಯಾವಾಗ ಬದಲಾಯ್ತು ಅಂತ ನಂಗೆ ಯಾರೂ ಹೇಳ್ಲಿಲ್ವಲ್ಲೋ.”

ಅಕ್ಕ ಒಳಗೆ ಹೋಗಿ ಸೋದರಸೊಸೆಯ ಪಕ್ಕ ಕೂತು ಅವಳ ತಲೆ ನೇವರಿಸಿದರು. ಅವಳಿಗೆ ಬೇಕಾದ ಸಮಾಧಾನವನ್ನೆಲ್ಲ ಹೇಳಿದರು. ವಾಪಸ್ ಬಸ್ಸಿನಲ್ಲಿ ಬಂದೆವು. ಹುಣಸೂರು ದಾಟಿದ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದರು. ನಾನು ನೋಡದವಳ ಹಾಗೆ ಕೂತೆ.

ಮಾರನೆಯ ವಾರ ಅವರೂ ಕೇಸು ಹಾಕಿದರು. ಮದುವೆ ನಡೆದ ತವರೂರು ಆ ತಾಲ್ಲೂಕಿಗೆ ಸೇರಿದ್ದೆಂದು ಕೆ.ಆರ್. ನಗರದ ಕೋರ್ಟಿನಲ್ಲೇ. ತಾಳಿ ತೆಗೆದು ಡಬ್ಬಿಯಲ್ಲಿಟ್ಟರು. ವಠಾರದ ಮಾಲೀಕರ ಹೆಂಡತಿ ಬರಿಯ ಕೊರಳು ನೋಡಿ ಗಾಬರಿಯಾಗಿ, “ಯಜಮಾನ್ರು ಹೋಗ್ಬುಟ್ರಾ?” ಎಂದಾಗ, “ಇಲ್ಲ ಕಣಮ್ಮ, ನಾನು ಹೋದೆ,” ಎಂದರು. ಅವರು ಅಷ್ಟು ಹಗುರವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆತ ಮೊದಲು ನೋಟಿಸು ತೆಗೆದುಕೊಳ್ಳದೆ ತಪ್ಪಿಸಿಕೊಂಡ. ಆಮೇಲೆ ವಕೀಲರನ್ನಿಟ್ಟು ಕಾಲಾವಕಾಶ ಕೇಳುತ್ತ ಹೋದ. ಕೊನೆಗೆ ಬಂದ ಉತ್ತರದಲ್ಲಿ, ತಾನು ಈಗಲೂ ಪತ್ನಿಯೊಂದಿಗೆ ಸಂಸಾರ ನಡೆಸಲು ಸಿದ್ಧನಿರುವುದಾಗಿ ಬರೆಸಿದ್ದ. ವಕೀಲರು ಅದನ್ನು ಓದಿ ಹೇಳಿದಾಗ ಅಕ್ಕ, “ಬ್ಯಾರನ್ ಒಲೆಗೆ ಸೌದೆ ಹಾಕೋರು ಯಾರೂ ಇಲ್ವೇನೋ ಕೇಳಿ,” ಎಂದರು. ಒಂದು ತಾರೀಕಿಗೂ ಆತ ಬರಲಿಲ್ಲ. ಅಕ್ಕ ಒಂದನ್ನೂ ತಪ್ಪಿಸಲಿಲ್ಲ. ಅಷ್ಟರಲ್ಲಿ ಸೊಸೆಯ ಕೇಸು ಮುಗಿದು ಆದೇಶವೂ ಬಂತು. ಅಕ್ಕ ಅವತ್ತು ಅವಳಿಗೆ ಹೊಸ ಚೂಡಿದಾರ ಕೊಡಿಸಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಿಸಿ ಕಳಿಸಿದರು.

ನಿವೃತ್ತಿಯಾದ ಮೇಲೆ ಹೊಟ್ಟೆನೋವು ಎನ್ನತೊಡಗಿದರು. ಮೈಸೂರಿನಲ್ಲಿ ತೋರಿಸಿದಾಗ ಗಡ್ಡೆ ಹಬ್ಬಿಬಿಟ್ಟಿತ್ತು. ಆಸ್ಪತ್ರೆಯ ಮಂಚದ ಮೇಲೆ ಅವರು ನೋವಿನ ಮಾತು ಆಡುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ. “ತಾರೀಕು ಯಾವತ್ತು? ಸ್ವಲ್ಪ ಹಿಂದಕ್ಕೆ ತಗಳಾಕೆ ಆಯ್ತದಾ ಲಾಯರ್ರನ್ನ ಕೇಳು.” ವಕೀಲರು ಅರ್ಜಿ ಹಾಕಿದರು. ಕೋರ್ಟು ತಾರೀಕನ್ನು ಹಿಂದಕ್ಕೆ ತರಲೂ ಒಪ್ಪಿತ್ತು. ಆ ಹೊಸ ತಾರೀಕಿಗೆ ಮುಂಚಿನ ವಾರ ಅಕ್ಕ ಹೋದರು.

ದೇಹವನ್ನು ತಮ್ಮನ ಮನೆಗೆ ತಂದರು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಹಿತ್ತಿಲಲ್ಲಿ ಸ್ನಾನಕ್ಕೆ ನೀರು ಕಾಯುತ್ತಿತ್ತು. ಸೊಸೆ ತಂಬಿಗೆ ಹಿಡಿದುಕೊಂಡು ಬಂದಳು. ಊರಿನ ಹಿರಿಯ ಹೆಂಗಸೊಬ್ಬರು ಅವಳ ಕೈಯಿಂದ ತಂಬಿಗೆ ತೆಗೆದುಕೊಂಡರು.

“ನೀನು ಬ್ಯಾಡ ಕಣವ್ವ. ಮುತ್ತೈದೆ ಹೆಣ. ಮುತ್ತೈದೇರೇ ಮಾಡ್ಬೇಕು.”

ಹಾಗಾದರೆ ನಾನು ಮಾಡುತ್ತೇನೆ ಎಂದು ಮುಂದೆ ಹೋದೆ. ಆಕೆ ನನ್ನ ಕೊರಳು ನೋಡಿದರು.

“ನಿಮ್ದು?”

“ನನ್ನದೂ ವಿಚ್ಛೇದನ ಆಗಿದೆ.”

“ಅಂಗಾರೆ ನೀವೂ ಈ ಕಡೆ ಬಂದು ನಿಂತ್ಕಳಿ.” ಗದರಿಸಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನಾವಿಬ್ಬರೂ ಸಿಮೆಂಟಿನ ತೊಟ್ಟಿಯ ಹತ್ತಿರ ನಿಂತೆವು. ಅಕ್ಕನ ಮನೆಗೆ ಒಂದು ದಿನವೂ ಬಾರದ ಹೆಂಗಸರು ಅವರಿಗೆ ಅರಿಶಿನ ಹಚ್ಚಿದರು, ಹಸಿರು ಬಳೆ ತೊಡಿಸಿದರು, ತಲೆ ತುಂಬ ಮಲ್ಲಿಗೆ ಮುಡಿಸಿದರು.

ಅಷ್ಟರಲ್ಲಿ ಒಂದು ಜೀಪು ಬಂತು. ಆತ ಇಳಿದ. ನರೆತ ತಲೆ, ಬಗ್ಗಿದ ಬೆನ್ನು, ಬಿಳಿ ಪಂಚೆ. ಫೋನ್ ಮಾಡಿ ಕರೆಸಿದ್ದು ತಮ್ಮನೇ. ನಾನು ಅಕ್ಕನ ತಮ್ಮನನ್ನು ಪಕ್ಕಕ್ಕೆ ಕರೆದೆ.

“ಅಕ್ಕ ಕೇಸು ಹಾಕಿದ್ದು ನಿಮಗೆ ಗೊತ್ತಿಲ್ವಾ? ಇದನ್ನ ಮಾಡ್ಬೇಡಿ.”

“ಗೊತ್ತು ಮೇಡಂ. ಆದ್ರೆ ತೀರ್ಪು ಬರ್ಲಿಲ್ವಲ್ಲ.” ಅವರ ಕಣ್ಣುಗಳು ಅತ್ತು ಊದಿಕೊಂಡಿದ್ದವು. “ಗಂಡ ಬದುಕಿದ್ದಂಗೆ ಮುತ್ತೈದೆಯಾಗಿ ಹೋಗವ್ಳೆ. ಗಂಡನ ಮನೆ ಮಣ್ಣು ಸಿಕ್ಕಿದ್ರೆ ಅವಳಿಗೂ ಸದ್ಗತಿ. ಈ ಹೊತ್ನಲ್ಲಿ ನಾಕು ಜನರ ಮುಂದೆ ಜಗಳ ಬ್ಯಾಡ ಬುಡಿ.”

“ನಿಮ್ಮ ಮಗಳ ಕೇಸು ಹಾಕಿಸುವಾಗ ನಾಕು ಜನ ಇರ್ಲಿಲ್ವಾ?”

ಅವರು ಜೀಪಿನ ಕಡೆ ನಡೆದರು. ನಾನು ದನಿ ಏರಿಸಿ ಹಿರಿಯರಿಗೂ ಹೇಳಿದೆ. ಇವರಿಗೆ ಇದು ಬೇಕಿರಲಿಲ್ಲ, ಕೋರ್ಟಿಗೆ ಹೋಗಿದ್ದರು ಎಂದೆ. ಯಾರೋ ಒಬ್ಬರು ಈಯಮ್ಮ ಯಾರು ಎಂದು ಕೇಳಿದರು. ಜೊತೆಗೆ ಕೆಲಸ ಮಾಡುತ್ತಿದ್ದವರಂತೆ ಎಂದು ಇನ್ನೊಬ್ಬರು ಹೇಳಿದರು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಕೊರಳು ಬರಿದಾಗಿರುವುದನ್ನು ಹೆಂಗಸರು ಆಗಲೇ ಗಮನಿಸಿದ್ದರು. ಬರಿ ಕೊರಳಲ್ಲಿ ಕಳಿಸುವುದುಂಟೇ ಎಂದು ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ತಂದರು. ಆತ ಹೆಣದ ಪಕ್ಕದಲ್ಲಿ ಮಂಡಿಯೂರಿ ಕೂತ. ಗಂಟು ಬೀಳಲಿಲ್ಲ. ಒಬ್ಬರು ಅಕ್ಕನ ತಲೆ ಎತ್ತಿ ಹಿಡಿದರು, ಇನ್ನೊಬ್ಬರು ಅವನ ಬೆರಳು ಹಿಡಿದು ಗಂಟು ಹಾಕಿಸಿದರು. ಆತ ಅತ್ತ. ಅದು ನಾಟಕ ಎಂದು ನಾನು ಹೇಳಲಾರೆ. ಸೊಸೆ ನನ್ನ ತೋಳನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಅಕ್ಕನನ್ನು ಗಾಡಿಗೆ ಹಾಕಿ ಪಿರಿಯಾಪಟ್ಟಣದ ಕಡೆಗೆ ಕೊಂಡೊಯ್ದರು. ಇಪ್ಪತ್ತರ ಆಸುಪಾಸಿನಲ್ಲಿ ಬಿಟ್ಟು ಬಂದ ಊರಿನ ಹೊಲದಲ್ಲಿ ಅವರನ್ನು ಮಣ್ಣು ಮಾಡಿದರು.

ಗೊತ್ತುಮಾಡಿದ ತಾರೀಕಿನಂದು ನಾನೂ ಸೊಸೆಯೂ ಕೋರ್ಟಿಗೆ ಹೋದೆವು. ಯಾಕೆ ಹೋದೆವೆಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಸತ್ತವರಿಗೆ ವಿಚ್ಛೇದನವಿಲ್ಲ, ಮದುವೆ ತಾನಾಗಿಯೇ ಮುಗಿದ ಲೆಕ್ಕ, ಇವತ್ತು ಕೇಸು ಮುಚ್ಚುತ್ತಾರೆ ಎಂದು ವಕೀಲರು ಬಾಗಿಲಲ್ಲೇ ತಿಳಿಸಿದ್ದರು. ಆದರೂ ಹಿಂದಿನ ಬೆಂಚಿನಲ್ಲಿ ಕೂತೆವು. ಜವಾನ ಹೆಸರು ಕೂಗಿದ. ಗಂಡನ ಹೆಸರು ಹೇಳಿ, ಅವರ ಹೆಂಡತಿ ಎಂದು ಅಕ್ಕನ ಹೆಸರು ಹೇಳಿದ.

ಆತ ಬಂದಿದ್ದ. ಎಂದೂ ಬಾರದವನು ಅವತ್ತು ಬಂದಿದ್ದ. ತಲೆ ಬೋಳಿಸಿಕೊಂಡಿದ್ದ. ಕಟಕಟೆಯ ಹತ್ತಿರ ಹೋಗಿ ಕೈ ಮುಗಿದು, “ನನ್ ಹೆಂಡ್ತಿ ತೀರ್ಕಂಡ್ಲು ಸ್ವಾಮಿ,” ಎಂದ.

ನ್ಯಾಯಾಧೀಶರು ಮರಣಪತ್ರ ನೋಡಿದರು. ಕನ್ನಡಕ ತೆಗೆದು ಆ ಮುದುಕನ ಬೋಳುತಲೆಯನ್ನು ನೋಡಿದರು. ಒಳ್ಳೆಯವರಿರಬೇಕು. ಅವರ ದನಿ ಮೆತ್ತಗಾಯಿತು.

“ಮದುವೆಯಾಗಿ ಎಷ್ಟು ವರ್ಷ ಆಗಿತ್ತು?”

“ನಲವತ್ತರ ಮೇಲೆ ಆಗಿತ್ತು ಸ್ವಾಮಿ.”

“ಸಮಾಧಾನ ಮಾಡಿಕೊಳ್ಳಿ ಯಜಮಾನರೇ,” ಎಂದರು ನ್ಯಾಯಾಧೀಶರು. ಆತ ಕಣ್ಣೊರೆಸಿಕೊಂಡ. ಗುಮಾಸ್ತರು ಕಡತದ ಮೇಲೆ ಏನೋ ಬರೆದು ಪಕ್ಕಕ್ಕಿಟ್ಟರು.

ನನ್ನ ಪಕ್ಕದಲ್ಲಿದ್ದ ಹುಡುಗಿ ತಟ್ಟನೆ ಎದ್ದು ನಿಂತಳು. “ಅವರು ಇವರ ಹೆಂಡ್ತಿಯಲ್ಲ, ನಮ್ಮತ್ತೆ,” ಎಂದಳು. ಜೋರಾಗಿಯೇ ಹೇಳಿದಳು. ಆದರೆ ಜವಾನ ಆಗಲೇ ಮುಂದಿನ ಕೇಸಿನ ಹೆಸರು ಕೂಗುತ್ತಿದ್ದ, ಬೆಂಚುಗಳಿಂದ ಜನ ಎದ್ದು ಓಡಾಡುತ್ತಿದ್ದರು. ಅವಳು ಹೇಳಿದ್ದು ಮುಂದಿನ ಸಾಲಿಗೂ ತಲುಪಲಿಲ್ಲ.